ಲೋಪವೂ ಲಾಘವವೂ

ಅಟ್ಟದ ಮೇಲೆ ಹತ್ತು ವರ್ಷಗಳಿಂದ ಯಾರ ಕೈಯೂ ಮುಟ್ಟದೆ ಬಿದ್ದಿರುವ ವಸ್ತುವೊಂದನ್ನು ಹೊರಗೆ ಹಾಕಬಹುದೇ ಎಂದು ಮನೆಯ ಮಗನು ಕೇಳಿದರೆ, ಮುಂಡರಗಿಯ ಸೀಮೆಯ ಹಿರಿಯರು ಬಹುಮಟ್ಟಿಗೆ ಒಂದೇ ಉತ್ತರವನ್ನು ಕೊಡುವರು: “ಇದ್ದರ ಇರಲಿ ಬಿಡಪಾ, ಅದೇನು ಕೂಳು ಕೇಳತದೇನು?” ಈ ಮಾತಿನಲ್ಲಿ ಲೋಭವಿರುವದೆಂದು ಹೊಸಬರು ನಗಬಹುದು; ಆದರೆ ಅದರಲ್ಲಿ ವಿವೇಕವೂ ಉಂಟು. ಹೊಳೆಗೆ ಸೇತುವೆಯಾದ ಮೇಲೆ ಹರಗೋಲಿಗೆ ದಿನದ ಕೆಲಸವಿಲ್ಲದಾಗುವದು. ಸೇತುವೆಯ ಮೇಲೆ ನೀರು ಹರಿದ ದಿವಸ ಎಲ್ಲರೂ ಹುಡುಕುವದು ಆ ಹರಗೋಲನ್ನೇ. ಕಪ್ಪತಗುಡ್ಡದಿಂದ ತಂದ ಬೇರನ್ನು ವೈದ್ಯನು ಎರಡು ಮೂರು ವರ್ಷಗಳಿಗೊಮ್ಮೆ ಮಾತ್ರ ತೇಯಬಹುದು. ಅದಕ್ಕಾಗಿ ಅವನು ಅದನ್ನು ತಿಪ್ಪೆಗೆ ಎಸೆಯುವದಿಲ್ಲ. ಬಳಕೆಯು ಅಪರೂಪವಾದ ಮಾತ್ರಕ್ಕೆ ವಸ್ತುವು ನಿರುಪಯುಕ್ತವಾಯಿತೆಂದು ಹೇಳಬರುವದಿಲ್ಲ.

ಆದರೆ ಈ ಕಾಲದ ಮನುಷ್ಯನು ಹುಟ್ಟಿಸಿದ ವಸ್ತುಗಳಲ್ಲಿ ಒಂದಕ್ಕೆ ಹಿರಿಯರ ಈ ಉತ್ತರವು ಸಲ್ಲುವದಿಲ್ಲ. ಅದೆಂದರೆ ಗಣಕಯಂತ್ರದ ತಂತ್ರಾಂಶವು. ಅದು ದಿನಾಲು ಕೂಳು ಕೇಳುವದು. ತಂತ್ರಾಂಶದ ಒಂದೊಂದು ಅಂಗವೂ ಉಳಿದ ಎಲ್ಲ ಅಂಗಗಳೊಡನೆ ಹೊಂದಿಕೊಂಡು ನಡೆಯಬೇಕು. ಯಂತ್ರವು ಬದಲಾದಾಗ ಅದೂ ಬದಲಾಗಬೇಕು. ನೆರೆಯ ತಂತ್ರಾಂಶಗಳು ಬದಲಾದಾಗ ಅದನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಯಾರೂ ಬಳಸದಿದ್ದರೂ ಅದರ ಹೊಟ್ಟೆಗೆ ಯಾರಾದರೊಬ್ಬರು ಹಾಕುತ್ತಲೇ ಇರಬೇಕು. ಹಾಕುವವರು ಯಾರು, ಎಷ್ಟು ದಿನ ಹಾಕಬೇಕು, ಹಾಕಲಾರದಾದಾಗ ಆ ಅಂಗವನ್ನು ಕತ್ತರಿಸಿಹಾಕುವ ಅಧಿಕಾರವು ಅವರಿಗೆ ಇರುವದೋ ಎಂಬದು ಮೇಲ್ನೋಟಕ್ಕೆ ಯಂತ್ರಜ್ಞರ ಪ್ರಶ್ನೆಯಾಗಿ ಕಂಡರೂ ನಿಜವಾಗಿ ಧರ್ಮವಿಚಾರದ ಪ್ರಶ್ನೆಯಾಗಿರುವದು.

ಇಲ್ಲಿ ಮುಕ್ತ ತಂತ್ರಾಂಶವೆಂದರೇನೆಂಬದನ್ನು ಸ್ವಲ್ಪದರಲ್ಲಿ ಹೇಳತಕ್ಕದ್ದು. ಯಂತ್ರಕ್ಕೆ ಕೊಡುವ ಆದೇಶಗಳ ಮೂಲಬರಹವನ್ನು ಗುಟ್ಟಾಗಿಡದೆ ಎಲ್ಲರಿಗೂ ತೆರೆದಿಟ್ಟು, ಬೇಕಾದವರು ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಬಹುದು ಎಂಬ ಕರಾರಿನ ಮೇಲೆ ಬಿಟ್ಟುಕೊಡುವದೇ ಅದರ ಲಕ್ಷಣವು. ೧೯೮೩ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ನನು ಗ್ನೂ ಎಂಬ ಯೋಜನೆಯನ್ನು ಸಾರಿದಂದಿನಿಂದ ಈ ಪದ್ಧತಿಗೆ ಒಂದು ಶಾಸ್ತ್ರವೇ ಬೆಳೆದಿರುವದು. ಇದನ್ನು ಕೇವಲ ಪಾಶ್ಚಾತ್ಯರ ನೂತನ ಕಲ್ಪನೆಯೆಂದು ಗದಗ ಜಿಲ್ಲೆಯವರು ತಿಳಿಯಬೇಕಾದ ಕಾರಣವಿಲ್ಲ. ೧೦೦೭ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬದು ಪ್ರಸಿದ್ಧವಾಗಿದೆ. ವಿದ್ಯೆಯ ವಸ್ತುವು ಕೊಟ್ಟಷ್ಟೂ ಮುಗಿಯುವದಿಲ್ಲವೆಂಬ ತಿಳಿವಳಿಕೆಯು ಈ ನೆಲಕ್ಕೆ ಹೊಸದಲ್ಲ. ಆದರೆ ಅತ್ತಿಮಬ್ಬೆಯ ಓಲೆಗಳಿಗೂ ಈ ತಂತ್ರಾಂಶಕ್ಕೂ ಒಂದು ಭೇದವುಂಟು. ಓಲೆಯನ್ನು ಕೊಟ್ಟ ಬಳಿಕ ಕೊಟ್ಟವಳ ಕೆಲಸವು ಮುಗಿಯಿತು. ತಂತ್ರಾಂಶವನ್ನು ಕೊಟ್ಟವನ ಕೆಲಸವು ಕೊಟ್ಟ ದಿನವೇ ಆರಂಭವಾಗುವದು.

ಹೀಗಿರಲು, ಅಪರೂಪದ ಅಂಗಗಳನ್ನು ತೆಗೆದುಹಾಕಬೇಕೆನ್ನುವವರ ವಾದವನ್ನು ಮೊದಲು ಕೇಳತಕ್ಕದ್ದು. ಏಕೆಂದರೆ ಅದು ಸೋಮಾರಿಗಳ ವಾದವಲ್ಲ. ವೈಯಾಕರಣರು ಅರ್ಧಮಾತ್ರೆಯ ಲಾಘವಕ್ಕೆ ಪುತ್ರೋತ್ಸವದಷ್ಟು ಹಿಗ್ಗುವರೆಂಬ ಪ್ರತೀತಿಯುಂಟಷ್ಟೆ. ತಂತ್ರಾಂಶವನ್ನು ಕಾಯುವವರ ಹಿಗ್ಗು ಅಂಥದೇ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನುಸ್ ಟೋರ್ವಾಲ್ಡ್ಸನು ಲಿನಕ್ಸ್ ಎಂಬ ಮೂಲ ತಂತ್ರಾಂಶವನ್ನು ಬರೆಯತೊಡಗಿದ್ದು ಇಂಟೆಲ್ ಕಂಪನಿಯ ೩೮೬ ಎಂಬ ಜಾತಿಯ ಯಂತ್ರದ ಮೇಲೆ. ಇಪ್ಪತ್ತೊಂದು ವರ್ಷಗಳ ಬಳಿಕ, ೨೦೧೨ರ ಡಿಸೆಂಬರದಲ್ಲಿ, ಅದೇ ೩೮೬ಕ್ಕೆ ಬೇಕಾದ ಅಂಗವನ್ನು ಲಿನಕ್ಸಿನಿಂದ ತೆಗೆದುಹಾಕಲಾಯಿತು. ೨೦೧೩ರ ಫೆಬ್ರುವರಿಯಲ್ಲಿ ಹೊರಬಿದ್ದ ೩.೮ನೆಯ ಆವೃತ್ತಿಯು ತನ್ನ ತೊಟ್ಟಿಲಾಗಿದ್ದ ಯಂತ್ರದ ಮೇಲೆ ನಡೆಯಲಾರದಾಯಿತು. ಟೋರ್ವಾಲ್ಡ್ಸನು ಇದಕ್ಕೆ ಮಮತೆಯ ಅಡ್ಡಿಯನ್ನು ತರಲಿಲ್ಲ. ಕಾರಣವು ಸ್ಪಷ್ಟವಾಗಿತ್ತು. ಮುಂದಿನ ಯಂತ್ರಗಳಲ್ಲಿರುವ ಕೆಲವು ಸೌಕರ್ಯಗಳು ಆ ಹಳೆಯ ಯಂತ್ರದಲ್ಲಿಲ್ಲದ್ದರಿಂದ, ಹೊಸದೇನನ್ನು ಬರೆದರೂ “೩೮೬ ಇದ್ದರೆ ಹೀಗಲ್ಲ, ಹಾಗೆ” ಎಂದು ಒಂದು ಅಪವಾದವನ್ನು ಜೋಡಿಸಬೇಕಾಗುತ್ತಿತ್ತು. ಆ ಯಂತ್ರವನ್ನಿಟ್ಟುಕೊಂಡವರು ಲೋಕದಲ್ಲಿ ಬೆರಳೆಣಿಕೆಯಷ್ಟು. ಅಪವಾದದ ಭಾರವು ಮಾತ್ರ ಬರೆಯುವವರೆಲ್ಲರ ಮೇಲೆ.

ಪೈಥಾನ್ ಎಂಬ ಯಂತ್ರಭಾಷೆಯವರು ಇನ್ನೂ ಎಚ್ಚರಿಕೆಯಿಂದ ನಡೆದರು. ಅದರ ಭಂಡಾರದಲ್ಲಿ, ಹಿಂದಿನ ಕಾಲದ ಧ್ವನಿಮುದ್ರಣದ ಪದ್ಧತಿಗಳನ್ನು ಓದುವವು, ಬಳಕೆ ತಪ್ಪಿದ ಸಂಪರ್ಕವಿಧಾನಗಳನ್ನು ನಡೆಸುವವು ಮುಂತಾಗಿ, ಕಾಯುವವರೇ ಇಲ್ಲದ ಅನೇಕ ಭಾಗಗಳಿದ್ದವು. ಅವುಗಳಲ್ಲಿ ಹತ್ತೊಂಬತ್ತನ್ನು ತೆಗೆಯಬೇಕೆಂಬ ಸೂಚನೆಯು ೨೦೧೯ರಲ್ಲಿ ಹುಟ್ಟಿತು. ೨೦೨೨ರ ಆವೃತ್ತಿಯಲ್ಲಿ, “ಇವು ಹೋಗಲಿವೆ” ಎಂದು ಬಳಸುವವನಿಗೆ ಯಂತ್ರವೇ ಎಚ್ಚರಿಕೆ ಕೊಡುವಂತಾಯಿತು. ೨೦೨೪ರ ಅಕ್ಟೋಬರದಲ್ಲಿ ಅವು ಹೋದವು. ಅವುಗಳಲ್ಲಿ ಒಂದೆರಡನ್ನು ಹೊರಗಿನವರು ಎತ್ತಿಕೊಂಡು ಬೇರೆಯಾಗಿ ಸಾಕುತ್ತಿರುವರು. ಸರಕಾರವು ೧೯೫೭ರಲ್ಲಿ ಹೊಸ ಪೈಸೆಯನ್ನು ತಂದಾಗ ಆಣೆ-ಪೈಗಳನ್ನು ಒಂದೇ ದಿನದಲ್ಲಿ ರದ್ದುಮಾಡದೆ ಕೆಲವು ವರ್ಷ ಎರಡನ್ನೂ ನಡೆಯಗೊಟ್ಟದ್ದನ್ನು ಇದು ಹೋಲುವದು.

ತೆಗೆಯಬೇಕೆನ್ನುವವರಲ್ಲಿ ಇದಕ್ಕಿಂತಲೂ ಬಲವಾದ ಇನ್ನೊಂದು ವಾದವುಂಟು. ಈ ಭಾಗದಲ್ಲಿ ಮೊದಲು ಜೋಳವನ್ನು ತುಂಬಿಡಲಿಕ್ಕೆ ಅಂಗಳದಲ್ಲಿ ಹಗೇವು ತೋಡುತ್ತಿದ್ದರು. ಹಗೇವು ತುಂಬಿರುವವರೆಗೆ ಸಂಪತ್ತು. ಬಳಕೆ ತಪ್ಪಿ ಬಾಯಿ ತೆರೆದು ಬಿದ್ದರೆ ಕೂಸೂ ಕರುವೂ ಬೀಳುವ ಗುಂಡಿ. ೨೦೨೧ರ ಡಿಸೆಂಬರದಲ್ಲಿ ಲೋಕದ ಗಣಕಯಂತ್ರಗಳೆಲ್ಲ ನಡುಗಿದ್ದು ಇಂಥ ಒಂದು ಹಗೇವಿನ ದೆಸೆಯಿಂದ. ಲಾಗ್‌ಫೋರ್‌ಜೆ ಎಂಬದು ಅಪಾಚಿ ಸಂಸ್ಥೆಯ ಆಶ್ರಯದಲ್ಲಿರುವ ಮುಕ್ತ ತಂತ್ರಾಂಶವು; ದೊಡ್ಡ ತಂತ್ರಾಂಶಗಳೊಳಗೆ ಕುಳಿತು, ನಡೆದದ್ದನ್ನೆಲ್ಲ ಖರ್ಡೆಯಲ್ಲಿ ಬರೆದಿಡುವ ಗುಮಾಸ್ತನ ಕೆಲಸವು ಅದರದು. ೨೦೧೩ರಲ್ಲಿ ಅದಕ್ಕೊಂದು ಅಂಗವನ್ನು ಜೋಡಿಸಿದ್ದರು: ಬರೆಯಬೇಕಾದ ಸಾಲಿನಲ್ಲಿ ಒಂದು ವಿಶೇಷ ಚಿಹ್ನೆಯು ಕಂಡರೆ ಗುಮಾಸ್ತನು ಅಲ್ಲಿ ಹೇಳಿದ ದೂರದ ವಿಳಾಸಕ್ಕೆ ಹೋಗಿ ಅಲ್ಲಿಂದ ಮಾಹಿತಿಯನ್ನು ತರಬೇಕು. ಇದು ಬೇಕಾದವರು ಕೆಲವೇ ಜನ. ಆದರೆ ಕಳ್ಳನೊಬ್ಬನು ತನ್ನ ಹೆಸರನ್ನು ಬರೆಯುವ ಜಾಗದಲ್ಲಿ ಆ ಚಿಹ್ನೆಯನ್ನು ಬರೆದು ತನ್ನ ವಿಳಾಸವನ್ನೇ ಕೊಟ್ಟರೆ, ಗುಮಾಸ್ತನು ಅಲ್ಲಿಗೂ ಹೋಗಿ, ಕಳ್ಳನು ಕೊಟ್ಟ ಆದೇಶವನ್ನು ಮನೆಯೊಳಗೆ ತಂದು ನಡೆಸುವನೆಂಬದು ಎಂಟು ವರ್ಷಗಳ ಮೇಲೆ ಬಯಲಾಯಿತು. ಬಳಸುತ್ತಿದ್ದವರು ಕೆಲವರು, ಅಪಾಯಕ್ಕೊಳಗಾದವರು ಎಲ್ಲರೂ. ಇಂಥ ಹಳೆಯ ಅಂಗಗಳನ್ನು ತಾವೂ ಮೆಚ್ಚದಿದ್ದರೂ, ನೆಚ್ಚಿಕೊಂಡವರ ಕೆಲಸ ಕೆಡಬಾರದೆಂದು ಉಳಿಸಿಕೊಂಡು ಬಂದಿದ್ದೆವೆಂದು ಅದನ್ನು ಕಾಯುವವರಲ್ಲೊಬ್ಬರು ನೊಂದು ಹೇಳಿಕೊಂಡರು. ಅವರಲ್ಲಿ ಹೆಚ್ಚಿನವರು ಬೇರೆ ಉದ್ಯೋಗವನ್ನು ಮಾಡಿಕೊಂಡು ಬಿಡುವಿನಲ್ಲಿ ಈ ಕೆಲಸವನ್ನು ಧರ್ಮಾರ್ಥವಾಗಿ ಮಾಡುತ್ತಿದ್ದವರು. ಒಬ್ಬರ ದಾಕ್ಷಿಣ್ಯವು ಸಾವಿರಾರು ಮನೆಗಳ ಬಾಗಿಲನ್ನು ತೆರೆದಿಟ್ಟಿತು. ‘ಇದ್ದರೆ ಇರಲಿ’ ಎಂಬ ನೀತಿಯು ಇಲ್ಲಿ ಸೋತಿತೆಂದು ಒಪ್ಪಲೇಬೇಕು.

ಇಷ್ಟು ಕೇಳಿದ ಮೇಲೆ, ‘ಅಪರೂಪವಾದದ್ದನ್ನೆಲ್ಲ ತೆಗೆಯಿರಿ’ ಎಂಬ ಸಿದ್ಧಾಂತಕ್ಕೆ ಓಡುವವರನ್ನು ತಡೆಯುವದಕ್ಕೆ ಪತಂಜಲಿಯೊಬ್ಬನು ಸಾಕು. ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಈ ಪ್ರಶ್ನೆಯೇ ಬರುವದು. ‘ಊಷ’, ‘ತೇರ’, ‘ಚಕ್ರ’, ‘ಪೇಚ’ ಎಂಬ ಕ್ರಿಯಾರೂಪಗಳನ್ನು ಲೋಕದಲ್ಲಿ ಯಾರೂ ಆಡುವದಿಲ್ಲ. ಆ ಅರ್ಥಕ್ಕೆ ಜನರು ಬೇರೆ ಮಾತುಗಳನ್ನು ಆಡುವರು. ಅಂದ ಬಳಿಕ ಅವುಗಳನ್ನು ಶಾಸ್ತ್ರದಲ್ಲಿ ಏಕೆ ಇಟ್ಟುಕೊಳ್ಳಬೇಕೆಂದು ಶಂಕೆ. ಸಮಾಧಾನವು ಎರಡು ಬಗೆಯದು. ಮೊದಲನೆಯದು: ಶಬ್ದವು ಬಳಕೆಯಾಗುವ ಪ್ರದೇಶವು ಅಪಾರವಾದದ್ದು, ಅದನ್ನೆಲ್ಲ ತಿರುಗಿ ನೋಡದೆ ‘ಇದು ಬಳಕೆಯಲ್ಲಿಲ್ಲ’ ಎನ್ನುವದು ಬರಿಯ ದುಡುಕು. ಒಂದು ಧಾತುವು ಆರ್ಯರಲ್ಲಿ ಹೆಣವೆಂಬ ಹೆಸರಿನಲ್ಲಿ ಮಾತ್ರ ಉಳಿದಿದ್ದರೆ, ಕಾಂಬೋಜದೇಶದಲ್ಲಿ ಅದನ್ನೇ ನಡೆಯುವದೆಂಬ ಅರ್ಥದಲ್ಲಿ ಆಡುವರು. ಎರಡನೆಯದು: ನೂರು ವರ್ಷ, ಸಾವಿರ ವರ್ಷ ನಡೆಯತಕ್ಕ ಸತ್ರಯಾಗಗಳನ್ನು ಈಗ ಯಾರೂ ಮಾಡುವದಿಲ್ಲ, ಆದರೂ ಯಾಜ್ಞಿಕರು ಅವುಗಳ ವಿಧಿಯನ್ನು ಪಾಠಮಾಡುತ್ತಲೇ ಇರುವರು.

ಮೊದಲನೆಯ ಸಮಾಧಾನವು ಇಂದಿಗೂ ಅಚ್ಚಳಿಯದೆ ನಿಂತಿರುವದು. ತಂತ್ರಾಂಶದ ಯಾವ ಅಂಗವನ್ನು ಎಷ್ಟು ಜನರು ಬಳಸುವರೆಂಬದನ್ನು ತಿಳಿಯುವ ಬಗೆ ಹೇಗೆ? ಡೆಬಿಯನ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶಸಂಗ್ರಹದಲ್ಲಿ ಯಾವ ಯಾವ ತಂತ್ರಾಂಶವು ಎಷ್ಟು ಯಂತ್ರಗಳಲ್ಲಿದೆಯೆಂದು ಎಣಿಸುವ ಏರ್ಪಾಡು ಉಂಟು. ಆದರೆ ತಾನಾಗಿ ಒಪ್ಪಿದವರನ್ನು ಮಾತ್ರ ಅದು ಎಣಿಸುವದು. ಅಂತರ್ಜಾಲವಿಲ್ಲದ ಹಳ್ಳಿಯ ಶಾಲೆಯ ಹಳೆಯ ಯಂತ್ರವು ಈ ಎಣಿಕೆಗೆ ಬರುವಂತಿಲ್ಲ. ತನ್ನ ವ್ಯವಹಾರವನ್ನು ಬೇರೆಯವರು ಎಣಿಸಬಾರದೆನ್ನುವ ಸ್ವಾಭಿಮಾನಿಯೂ ಅದರಲ್ಲಿಲ್ಲ. ಕಣ್ಣಿಲ್ಲದವರು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಸಿಕೊಳ್ಳಲಿಕ್ಕೆ ಬಳಸುವ ಅಂಗವು ಎಣಿಕೆಯಲ್ಲಿ ಸಾವಿರಕ್ಕೊಂದೋ ಎರಡೋ ಆಗಿ ಕಂಡೀತು; ಆ ಒಬ್ಬನಿಗಾದರೋ ಅದು ಹೋದರೆ ಯಂತ್ರವೇ ಹೋದಂತೆ. ತಲೆಯೆಣಿಕೆಯು ಎಷ್ಟು ಜನಕ್ಕೆ ಬೇಕೆಂಬದನ್ನು ಹೇಳಬಲ್ಲದು, ಎಷ್ಟು ಬೇಕೆಂಬದನ್ನು ಹೇಳಲಾರದು.

ಆದರೆ ಎರಡನೆಯ ಸಮಾಧಾನವನ್ನು ತಂತ್ರಾಂಶಕ್ಕೆ ಹಾಗೆಯೇ ತಂದು ಹಚ್ಚುವದು ಸರಿಯಲ್ಲ. ಪತಂಜಲಿಗೆ ‘ಊಷ’ವನ್ನು ಉಳಿಸಿಕೊಳ್ಳಲಿಕ್ಕೆ ಬಿದ್ದ ವೆಚ್ಚವೇನು? ಏನೂ ಇಲ್ಲ. ಆ ರೂಪಗಳು ಪಾಣಿನಿಯ ಸಾಮಾನ್ಯವಿಧಿಯಿಂದ ತಾವಾಗಿಯೇ ಸಿದ್ಧಿಸುವವು; ತೆಗೆಯಬೇಕೆಂದರೇ ಒಂದು ಹೊಸ ಸೂತ್ರವನ್ನು ಬರೆಯಬೇಕಾದೀತು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವದಾದರೆ ಅವು ಉತ್ಸರ್ಗದ ಮಕ್ಕಳು. ೩೮೬ಕ್ಕೆ ಬೇಕಾದ ಅಂಗವು ಅಪವಾದದ ಮಗುವಾಗಿತ್ತು. ಹೆಜ್ಜೆಹೆಜ್ಜೆಗೆ ಅದಕ್ಕೊಂದು ಪ್ರತ್ಯೇಕ ವಿಧಿ. ಈ ಭೇದವನ್ನು ಮರೆತು ಎಷ್ಟು ಜನ ಬಳಸುವರೆಂದಷ್ಟೇ ಕೇಳುತ್ತ ಕೂತಿದ್ದರಿಂದಲೇ ಈ ವಿಷಯದ ಅರ್ಧ ಜಗಳಗಳು ಹುಟ್ಟಿರುವವು. ಸಾಮಾನ್ಯವಿಧಿಯ ನೆರಳಿನಲ್ಲಿ ಪುಕ್ಕಟೆಯಾಗಿ ಬದುಕುವ ಅಂಗವನ್ನು ಒಬ್ಬನೇ ಬಳಸಿದರೂ ಕೀಳುವದು ವ್ಯರ್ಥ ಕ್ರೌರ್ಯವು. ಅಪವಾದದ ಮೇಲೆ ಅಪವಾದವನ್ನು ಬೇಡುವ ಅಂಗದ ವಿಷಯದಲ್ಲಿ ಮಾತ್ರ ವಿಚಾರವು ಆರಂಭವಾಗತಕ್ಕದ್ದು. (ಒಂದೇ ಒಂದು ಧಾತುವಿನಲ್ಲಿ ಬರುವ ಌಕಾರವನ್ನು ಶಿವಸೂತ್ರದಲ್ಲಿ ಪ್ರತ್ಯೇಕವಾಗಿ ಏಕೆ ಹೇಳಬೇಕೆಂದು ಕಾತ್ಯಾಯನ ಪತಂಜಲಿಗಳು ಎಷ್ಟು ಚರ್ಚೆ ಮಾಡಿರುವರೆಂಬದನ್ನು ಪಾಠಶಾಲೆಯಲ್ಲಿ ಓದಿದವರು ಬಲ್ಲರು. ಅಲ್ಲಿಯ ಜಗಳವೂ ಇಂಥದೇ.)

ಕನ್ನಡಿಗರಿಗೆ ಈ ವಿಚಾರವು ಅಕ್ಷರಮಾಲೆಯಲ್ಲಿಯೇ ಮನೆಗೆ ಬಂದಿರುವದು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ, ಸಂಸ್ಕೃತದಿಂದ ಬಂದ ಋಕಾರ, ಌಕಾರ ಮೊದಲಾದವುಗಳನ್ನು ಬಿಟ್ಟು, ದೇಶ್ಯವಾದ ಱ, ೞ ಮುಂತಾದವುಗಳನ್ನು ಸೇರಿಸಿ, ಅಚ್ಚಗನ್ನಡಕ್ಕೆ ನಾಲ್ವತ್ತೇಳು ಅಕ್ಷರಗಳನ್ನು ಎಣಿಸಿದನು. ಅವನ ಕಾಲಕ್ಕಾಗಲೇ ೞಕಾರವು ಜನರ ನಾಲಿಗೆಯಿಂದ ಜಾರುತ್ತಲಿದ್ದಿತು. ಅದಕ್ಕಾಗಿಯೇ ಯಾವ ಶಬ್ದದಲ್ಲಿ ೞ, ಯಾವುದರಲ್ಲಿ ಳ ಎಂದು ಅವನು ಪಟ್ಟಿಯನ್ನು ಕೊಡಬೇಕಾಯಿತು. ಈಗಿನ ಶಾಲೆಯ ವರ್ಣಮಾಲೆಯಲ್ಲಿ ನಾಲ್ವತ್ತೊಂಬತ್ತು ಅಕ್ಷರಗಳು. ಱ, ೞ ಎರಡೂ ಅದರಲ್ಲಿಲ್ಲ. ಇಷ್ಟಕ್ಕೇ ನಿಲ್ಲದೆ, ಭಾಷಾಶಾಸ್ತ್ರಜ್ಞರಾದ ಡಿ. ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನೂ ಷಕಾರ ಋಕಾರಗಳನ್ನೂ ಕನ್ನಡದ ಬರಹದಿಂದ ಬಿಡಬೇಕೆಂದು ವಾದಿಸಿರುವರು. ಆಡುನುಡಿಯಲ್ಲಿ ಇಲ್ಲದ ಭೇದವನ್ನು ಕಲಿಯುವ ಕಷ್ಟವು ಬಡವರ ಮಕ್ಕಳಿಗೆ ಏಕೆ ಎಂಬದು ಅವರ ವಾದದ ತಿರುಳು. ಸಂಸ್ಕೃತಜ್ಞರು ಈ ಮಾತಿಗೆ ಸಿಟ್ಟಾಗುವದುಂಟು, ಸಿಟ್ಟು ಉತ್ತರವಲ್ಲ. ಕಲಿಯುವವನ ಭಾರವೂ ಕಾಯುವವನ ಭಾರದಂತೆಯೇ ನಿಜವಾದದ್ದು.

ಹಾಗಾದರೆ ೞಕಾರವು ಹೋದದ್ದರಿಂದ ಹಾನಿಯೇನಾಯಿತು? ಇಂದು ಮಾತನಾಡುವವನಿಗೆ ಏನೂ ಆಗಲಿಲ್ಲ. ಹಳಗನ್ನಡವನ್ನು ಓದುವವನಿಗೆ ಮಾತ್ರ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು; ‘ಆಳ್’ ಎಂದರೆ ಸೇವಕ, ‘ಆೞ್’ ಎಂದರೆ ಮುಳುಗು; ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಒಂದು ಅಕ್ಷರವನ್ನು ತೆಗೆದ ಪ್ರತಿಕಾರನು ಬದುಕನ್ನು ಕತ್ತಿಯನ್ನಾಗಿ ಮಾಡಿಬಿಡುವನು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ನಾಡು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನದು. ಪುಲಿಗೆರೆಯು ಇಂದಿನ ಲಕ್ಷ್ಮೇಶ್ವರ, ಕೊಪಣವು ಕೊಪ್ಪಳ, ಮುಂಡರಗಿಯು ಇವೆರಡರ ನಡುವೆ. ಇಲ್ಲಿಯ ಹೊಲಗಳ ಬದುವಿನಲ್ಲಿ, ಗುಡಿಗಳ ಗೋಡೆಗಳಲ್ಲಿ ನಿಂತ ಶಾಸನಗಳನ್ನು ಓದಿ ನಕಲು ಮಾಡುವ ಹವ್ಯಾಸವಿದ್ದವರು ಊರಿಗೊಬ್ಬರು ಸಿಕ್ಕುವದೂ ಕಷ್ಟ. ಆ ಒಬ್ಬನು ಗಣಕಯಂತ್ರದ ಮುಂದೆ ಕುಳಿತು ೞಕಾರದ ಕೀಲಿಯನ್ನು ಹುಡುಕುತ್ತಿರುವಾಗ, ಆ ಕೀಲಿಮಣೆಯ ತಂತ್ರಾಂಶವನ್ನು ಧರ್ಮಾರ್ಥ ಕಾಯುತ್ತಿರುವ ಬೆಂಗಳೂರಿನ ತರುಣನೊಬ್ಬನು “ಇದನ್ನು ಯಾರೂ ಒತ್ತುವದಿಲ್ಲ” ಎಂದು ಅದೇ ಸಾಯಂಕಾಲ ಅದನ್ನು ಅಳಿಸುತ್ತಿರುವನೆಂದು ಭಾವಿಸಿಕೊಳ್ಳಬಹುದು. ಇಬ್ಬರಲ್ಲಿ ಒಬ್ಬನಿಗೂ ಇನ್ನೊಬ್ಬನ ಸುಳಿವಿಲ್ಲ. ಅವರಲ್ಲಿ ದುಷ್ಟನು ಯಾವನೂ ಅಲ್ಲ.

ಇದೇ ಜಾತಿಯ ಇನ್ನೊಂದು ಉದಾಹರಣೆಯು ಜಿಲ್ಲೆಯ ಸಾಹಿತ್ಯಸಂಘಗಳಿಗೂ ಅಚ್ಚುಕೂಟಗಳಿಗೂ ಚೆನ್ನಾಗಿ ಗೊತ್ತಿರುವದು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಕೊಡುವ ಯೂನಿಕೋಡ್ ಪದ್ಧತಿಯು ಇಲ್ಲಿ ರೂಢಿಯಾಗುವ ಮೊದಲು, ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿಯೇ ಕನ್ನಡದ ಲೇಖನಗಳೂ ಸ್ಮರಣಸಂಚಿಕೆಗಳೂ ಸಿದ್ಧವಾಗುತ್ತಿದ್ದವು. ಅವುಗಳನ್ನು ಈಗ ತೆರೆದರೆ, ತಕ್ಕ ಅಚ್ಚಿನಮೊಳೆಗಳಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವು ಕಾಣುವದು. ಹಳೆಯ ಸಂಕೇತವನ್ನು ಹೊಸದಕ್ಕೆ ತಿರುಗಿಸಿಕೊಡುವ ತಂತ್ರಾಂಶಗಳನ್ನು ಕನ್ನಡದ ಉತ್ಸಾಹಿ ತರುಣರು ಬರೆದು ಮುಕ್ತವಾಗಿ ಬಿಟ್ಟಿರುವರು. ಇವುಗಳ ಬಳಕೆಯು ವರ್ಷದಿಂದ ವರ್ಷಕ್ಕೆ ಇಳಿಯತಕ್ಕದ್ದೇ ಸರಿ. ಒಮ್ಮೆ ತಿರುಗಿಸಿದ ಬರಹವನ್ನು ಮತ್ತೆ ತಿರುಗಿಸಬೇಕಾಗಿಲ್ಲವಷ್ಟೆ. ಹೀಗೆ ಇಳಿಯುವ ಬಳಕೆಯನ್ನು ನೋಡಿ ‘ಕಾಲ ಮುಗಿಯಿತು’ ಎನ್ನುವದು, ಬೇಸಗೆಯಲ್ಲಿ ಕೊಡೆಯನ್ನು ಮಾರಿದಂತೆ. ಎಲ್ಲಿಯೋ ಒಂದು ಪೆಟ್ಟಿಗೆಯಲ್ಲಿ ಕಟ್ಟಕಡೆಯ ಮುದ್ರಿಕೆಯು ಉಳಿದಿರುವವರೆಗೂ ಆ ತಂತ್ರಾಂಶಕ್ಕೆ ಕೆಲಸವುಂಟು; ಆ ಕೆಲಸದ ದಿನ ಯಾವದೆಂದು ಯಾರೂ ಹೇಳಲಾರರು.

ಮುಕ್ತ ತಂತ್ರಾಂಶದಲ್ಲಿ ತೆಗೆದುಹಾಕಿದ್ದು ನಾಶವಾಗುವದಿಲ್ಲವಲ್ಲ ಎಂದು ಕೆಲವರು ಇಲ್ಲಿ ನಡುವೆ ಹೇಳುವರು. ನಿಜವೇ. ಹಿಂದಿನ ಆವೃತ್ತಿಗಳೆಲ್ಲ ಒಂದಾದಮೇಲೊಂದರಂತೆ ಭಂಡಾರದಲ್ಲಿರುವವು. ಯಾವ ಸಾಲನ್ನು ಯಾವ ದಿನ ಯಾರು ತೆಗೆದರೆಂಬದೂ ದಾಖಲಾಗಿರುವದು. ಪಾಣಿನಿಯು ಲೋಪವೆಂದರೆ ನಾಶವೆನ್ನಲಿಲ್ಲ, ಕಾಣದಿರುವದೆಂದನು. ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ನಡೆಯುವದೆಂದೂ ವಿಧಿಸಿದನು. ಅಳಿಸುವದಕ್ಕೂ ಕಾಣದಂತಿಡುವದಕ್ಕೂ ಇರುವ ಭೇದವನ್ನು ಧರ್ಮಶಾಸ್ತ್ರಕಾರರೂ ಬಲ್ಲವರಾಗಿದ್ದರು. ಕಲಿವರ್ಜ್ಯವೆಂಬ ಪ್ರಕರಣವು ಇದಕ್ಕೆ ದೃಷ್ಟಾಂತವು. ಹಿಂದಿನ ಸ್ಮೃತಿಗಳು ಹೇಳಿದ ಅಶ್ವಮೇಧ, ನಿಯೋಗ, ವಿಧವೆಯ ಪುನರ್ವಿವಾಹ ಮೊದಲಾದ ಆಚಾರಗಳನ್ನು ಮುಂದಿನ ನಿಬಂಧಕಾರರು ಕಲಿಯುಗಕ್ಕೆ ಬೇಡವೆಂದು ಪಟ್ಟಿಮಾಡಿದರು. ಆದರೆ ಸ್ಮೃತಿಗಳಲ್ಲಿದ್ದ ಆ ಶ್ಲೋಕಗಳನ್ನು ಯಾರೂ ಕೆರೆದುಹಾಕಲಿಲ್ಲ. ಅದರ ಫಲವು ೧೮೫೫ರಲ್ಲಿ ಕಂಡಿತು. ವಿಧವೆಯರ ಪುನರ್ವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರು ಪರಾಶರಸ್ಮೃತಿಯನ್ನು ತೆರೆದು, ಕಲಿಯುಗಕ್ಕೆಂದೇ ಹೇಳಿದ ಸ್ಮೃತಿಯಲ್ಲಿ ಅದಕ್ಕೆ ಅನುಮತಿಯುಂಟೆಂದು ತೋರಿಸಿದರು, ೧೮೫೬ರಲ್ಲಿ ಕಾಯದೆಯಾಯಿತು. ಆ ಸಾಲು ಅಳಿದುಹೋಗಿದ್ದರೆ ಅವರ ಕೈಯಲ್ಲಿ ಶಾಸ್ತ್ರದ ಆಯುಧವಿರುತ್ತಿರಲಿಲ್ಲ.

ಆದರೆ ಈ ದೃಷ್ಟಾಂತಕ್ಕೆ ಇನ್ನೊಂದು ಮುಖವುಂಟು, ಅದನ್ನು ಮುಚ್ಚಿಡಬಾರದು. ಸಾಲು ಉಳಿದಿತ್ತು; ನಡುವಿನ ಶತಮಾನಗಳಲ್ಲಿ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಅದರಿಂದ ಏನಾಯಿತು? ಭಂಡಾರದಲ್ಲಿ ಉಳಿಯುವದು ಬೇರೆ, ಕೈಗೆ ಸಿಕ್ಕುವದು ಬೇರೆ. ಆ ಪಟ್ಟಿಯನ್ನು ಮಾಡಿದವರಲ್ಲಿ ಒಬ್ಬ ವಿಧವೆಯೂ ಇರಲಿಲ್ಲ. ಬಳಕೆಯಲ್ಲಿಲ್ಲವೆಂದು ಒಂದು ದಾರಿಯನ್ನು ಮುಚ್ಚುವವರು ಸಾಮಾನ್ಯವಾಗಿ ಆ ದಾರಿಯಲ್ಲಿ ನಡೆಯಬೇಕಾದ ಪ್ರಸಂಗ ಬಾರದವರೇ ಆಗಿರುವರು. ತಂತ್ರಾಂಶದ ಸಭೆಗಳಲ್ಲಿಯೂ ಇದೇ ಗತಿ; ಹೊಸ ಯಂತ್ರವುಳ್ಳ, ಕಣ್ಣು ಕಿವಿ ನೆಟ್ಟಗಿರುವ, ಇಂಗ್ಲಿಷನ್ನು ಬಲ್ಲ ತರುಣರು ಕೂಡಿ ಯಾವದು ಯಾರಿಗೂ ಬೇಡವೆಂಬದನ್ನು ನಿಶ್ಚಯಿಸುವರು.

ಹಾಗೆಂದು ಕಾಯುವವನು ಜೀತದಾಳೇ? ಅಲ್ಲ. ಇದನ್ನು ತಿಳಿಯಲಿಕ್ಕೆ ಕೆರೆಯ ದೃಷ್ಟಾಂತವು ಎಲ್ಲದಕ್ಕಿಂತ ಹೊಂದುವದು. ಕೆರೆಯನ್ನು ಕಟ್ಟಿಸಿದವನು ವಿಧಿಪೂರ್ವಕವಾಗಿ ಅದರ ಉತ್ಸರ್ಗವನ್ನು ಮಾಡುವನು. ಆ ಕ್ಷಣದಿಂದ ನೀರು ಸರ್ವಪ್ರಾಣಿಗಳದು, ಕಟ್ಟಿಸಿದವನು ಕುಡಿದರೆ ಊರವರಲ್ಲೊಬ್ಬನಾಗಿ ಕುಡಿಯಬೇಕು. (ವ್ಯಾಕರಣದ ಉತ್ಸರ್ಗಕ್ಕೂ ಕೆರೆಯ ಉತ್ಸರ್ಗಕ್ಕೂ ಶಬ್ದವೊಂದೇ ಆದದ್ದು ಆಕಸ್ಮಿಕವಾದರೂ ಅಂದವಾಗಿದೆ.) ಮುಕ್ತ ತಂತ್ರಾಂಶದ ಕರಾರು ಸಹ ಇಂಥ ಉತ್ಸರ್ಗವೇ. ಒಡೆತನವನ್ನು ಬಿಟ್ಟವನ ಮೇಲೆ ಆಜೀವ ಹೂಳೆತ್ತುವ ಹೊಣೆಯನ್ನು ಹೊರಿಸುವದು ನ್ಯಾಯವಲ್ಲ. ಆದರೆ ಒಡೆತನವನ್ನು ಬಿಟ್ಟವನು ಒಂದು ರಾತ್ರಿ ಬಂದು ತೂಬನ್ನು ಮುಚ್ಚುವದೂ ನ್ಯಾಯವಲ್ಲ.

ಹಳೆಯ ಕೆರೆಯೊಂದಕ್ಕೆ ಎರಡು ತೂಬುಗಳಿವೆಯೆಂದು ಇಟ್ಟುಕೊಳ್ಳತಕ್ಕದ್ದು. ದೊಡ್ಡ ತೂಬಿನಿಂದ ನೂರಾರು ಎಕರೆ ನೆನೆಯುವದು. ಸಣ್ಣದರಿಂದ ಅಂಚಿನ ಎರಡು ಮಡಿಗಳು ಮಾತ್ರ. ಸಣ್ಣ ತೂಬು ಸೋರತೊಡಗಿ ಏರಿಯ ಮಣ್ಣು ಸಡಿಲಾಗುತ್ತಿದೆ. ನೀರಗಂಟಿಯು ಎರಡು ಮಡಿಯ ಒಕ್ಕಲಿಗನನ್ನು ಕರೆದು, “ನಿನ್ನ ಒಂದು ತೂಬಿನ ಸಲುವಾಗಿ ಊರ ಕೆರಿ ಒಡೀಬೇಕೇನು?” ಎಂದು ಕೇಳುವನು. “ನನ್ನ ಹೊಲಕ್ಕ ನೀರು ಬರೂದು ಇದೊಂದರಿಂದನ ಐತ್ರಿ” ಎಂದು ಅವನ ಉತ್ತರ. ಇಬ್ಬರದೂ ನಿಜ. ಇಲ್ಲಿ ತಲೆ ಎಣಿಸಿದರೆ ಒಕ್ಕಲಿಗನು ಸೋಲುವನು; ಎಣಿಸದಿದ್ದರೆ ಏರಿ ಒಡೆದು ಅವನ ಮಡಿಯೂ ಕೊಚ್ಚಿಹೋಗುವದು. ಸೋರುವ ತೂಬನ್ನು ಮುಚ್ಚಲೇಬೇಕು. ಆದರೆ ಮುಚ್ಚುವ ಮೊದಲು ಅವನನ್ನು ಕರೆದು ಹೇಳಬೇಕು. ನಿಂತ ಪೈರು ಕೊಯಿಲಾಗುವವರೆಗೆ ತಡೆಯಬೇಕು. ದೊಡ್ಡ ತೂಬಿನಿಂದ ಅವನ ಮಡಿಗೆ ಒಂದು ಕಾಲುವೆಯನ್ನು ತೆಗೆಯಲಾದೀತೇ ಎಂದು ನೋಡಬೇಕು. ತಾನೇ ದುರಸ್ತಿ ಮಾಡಿಕೊಳ್ಳುವೆನೆಂದು ಅವನು ಮುಂದೆ ಬಂದರೆ ಅವನ ಕೈಯಿಂದ ಗುದ್ದಲಿಯನ್ನು ಕಸಿಯಬಾರದು. ಇದಿಷ್ಟನ್ನೂ ಮಾಡಿದ ಮೇಲೆ ನೀರಗಂಟಿಯ ಮೇಲೆ ದೋಷವಿಲ್ಲ. ಇದಿಷ್ಟನ್ನೂ ಮಾಡದೆ, “ಯಾರೂ ಬಳಸುತ್ತಿರಲಿಲ್ಲ” ಎಂದು ಹೇಳುವವನು, ತಾನು ಆ ಕಡೆಗೆ ಹೋಗಿ ನೋಡಲಿಲ್ಲವೆಂಬದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿರುವನು.

‘ಬೇಕಾದವರು ಬೇರೆ ಕೆರೆಯನ್ನು ಕಟ್ಟಿಕೊಳ್ಳಲಿ’ ಎಂಬದು ಮುಕ್ತ ತಂತ್ರಾಂಶದವರ ಬಾಯಲ್ಲಿ ಸದಾ ಸಿದ್ಧವಾಗಿರುವ ಉತ್ತರವು. ಮೂಲಬರಹವು ತೆರೆದಿರುವದರಿಂದ ಯಾರು ಬೇಕಾದರೂ ನಕಲೆತ್ತಿ ತಮ್ಮ ದಾರಿಯಲ್ಲಿ ಬೆಳೆಸಬಹುದೆಂದು ಅದರ ಅರ್ಥ. ಇದು ಪೊಳ್ಳು ಮಾತೇನೂ ಅಲ್ಲ. ೨೦೧೧ರಲ್ಲಿ ಗ್ನೋಮ್ ಎಂಬ ತಂತ್ರಾಂಶದ ಮೂರನೆಯ ಆವೃತ್ತಿಯು ಹಳೆಯ ಪರದೆಯ ವಿನ್ಯಾಸವನ್ನು ಕೈಬಿಟ್ಟಾಗ, ಒಪ್ಪದವರು ಎರಡನೆಯ ಆವೃತ್ತಿಯನ್ನು ನಕಲೆತ್ತಿ ಮಾಟೆ ಎಂಬ ಹೆಸರಿನಲ್ಲಿ ಬೆಳೆಸಿದರು. ಅದು ಇಂದಿಗೂ ಬದುಕಿರುವದು, ಹಳೆಯ ಯಂತ್ರಗಳುಳ್ಳವರಿಗೆ ಆಸರೆಯಾಗಿರುವದು. ಅದನ್ನು ಮಾಡಿದವರು ವಿದ್ಯೆಯೂ ಬಿಡುವೂ ಉಳ್ಳವರಾಗಿದ್ದರು. ಎರಡು ಮಡಿಯ ಒಕ್ಕಲಿಗನಿಗೆ, ಪರದೆಯನ್ನು ಓದಿಸಿ ಕೇಳುವ ಕುರುಡನಿಗೆ, ಶಾಸನದ ನಕಲುಗಾರನಿಗೆ ಅದೇ ಮಾತನ್ನು ಹೇಳಿದರೆ ಅದು ಹಕ್ಕಿನ ಮಾತಾಗದೆ ಹಂಗಿಸುವ ಮಾತಾಗುವದು. ಕಟ್ಟಿಕೊಳ್ಳಲಾರದವನಿಗೆ ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟೆವೆಂದು ಕೈತೊಳೆದುಕೊಳ್ಳುವದು ಧರ್ಮವಲ್ಲ. ಈ ಒಂದು ಮಾತಿನಲ್ಲಿ ತಂತ್ರಾಂಶದವರು ಇನ್ನೂ ಬಹಳ ಕಲಿಯತಕ್ಕದ್ದಿರುವದು.

ಯೂನಿಕೋಡಿನವರ ನಡತೆಯು ಇದಕ್ಕೆ ಪ್ರತಿಯಾದದ್ದು. ಒಮ್ಮೆ ಸ್ಥಾನ ಕೊಟ್ಟ ಅಕ್ಷರವನ್ನು ಎಂದಿಗೂ ತೆಗೆಯಬಾರದು, ಸ್ಥಾನವನ್ನು ಪಲ್ಲಟಿಸಬಾರದು, ಹೆಸರನ್ನು ಸಹ ಬದಲಿಸಬಾರದೆಂಬದು ಅವರ ವ್ರತವು. ಕನ್ನಡದ ೞಕಾರಕ್ಕೆ ಅವರು ಪ್ರಾರಂಭದಲ್ಲಿ ‘ಫ’ ಎಂಬ ತಪ್ಪು ಹೆಸರನ್ನಿಟ್ಟರು. ತಪ್ಪೆಂದು ತಿಳಿದ ಮೇಲೆಯೂ ಅದನ್ನು ಅಳಿಸದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಿರುವರು. ಇಂಥ ವ್ರತವು ಅವರಿಗೆ ಸಾಧ್ಯವಾದದ್ದು ಒಂದು ಕಾರಣದಿಂದ: ಪಟ್ಟಿಯಲ್ಲಿ ಕುಳಿತ ಅಕ್ಷರವು ಸ್ಥಾನವನ್ನು ಬೇಡುವದೇ ಹೊರತು ಕೂಳನ್ನು ಬೇಡುವದಿಲ್ಲ. ಮೊಳೆಗಳನ್ನು ಕೊರೆಯುವವನಿಗೆ ಮಾತ್ರ ಒಂದಿಷ್ಟು ಕೆಲಸ. ಮುಂಡರಗಿಯ ಹಿರಿಯರ ಉತ್ತರವು ಇಲ್ಲಿ ಪೂರ್ತಿಯಾಗಿ ಸಲ್ಲುವದು.

೨೦೨೧ರ ಸೆಪ್ಟೆಂಬರದಲ್ಲಿ ಆ ಪಟ್ಟಿಗೆ ಕನ್ನಡದ ಇನ್ನೊಂದು ಅಕ್ಷರವು ಸೇರಿತು. ‘ನಕಾರಪೊಲ್ಲು’ ಎಂದು ಅದರ ಹೆಸರು. ಹಳಗನ್ನಡದ ಬರಹಗಳಲ್ಲಿ ಶಬ್ದದ ಕೊನೆಗೆ ಬರುವ ಅರೆನಕಾರದ ರೂಪವು. ಇಂದು ಅದನ್ನು ಬರೆಯುವವರು ಯಾರೂ ಇಲ್ಲ. ಡಂಬಳದಲ್ಲಿ ತಾರಾಭಗವತಿಗೆ ದತ್ತಿ ಬಿಟ್ಟ ೧೦೯೫ರ ಶಾಸನವುಂಟು. ಆ ಊರಿನಲ್ಲಿ ಬೌದ್ಧರೂ ಇಲ್ಲ, ವಿಹಾರವೂ ಇಲ್ಲ. ಅಂಥ ಕಲ್ಲುಗಳ ಎದುರಿಗೆ ಕುಳಿತು, ಸುಣ್ಣದ ನೀರು ಸವರಿ, ಅಕ್ಷರಕ್ಕಕ್ಷರವನ್ನು ಇಳಿಸಿಕೊಳ್ಳುವ ಒಬ್ಬನು, ವರ್ಷಕ್ಕೊಂದು ಸಲವೋ ಎರಡು ಸಲವೋ, ಆ ಕೀಲಿಯನ್ನು ಒತ್ತಿಯಾನು.